ಪಂಚಮಿಗೆ ಕರೆತಂದು ಹಾಕಿಸಿದ ಸಹಿ

ಚಿಕ್ಕೋಡಿಯ ಕೋರ್ಟಿನಲ್ಲಿ ನಾನು ನಿಜ ಹೇಳಲಿಲ್ಲ. "ಅಪ್ಪನ ಹೊಲದ ಪಾಲು ಬಿಟ್ಟುಕೊಡುವ ಕಾಗದ ಎಂದು ಗೊತ್ತಿದ್ದೇ ನಿಮ್ಮ ಅಕ್ಕ ಸಹಿ ಮಾಡಿದರೇನು?" ಎಂದು ವಕೀಲರು ಕೇಳಿದರು. ಅಕ್ಕ ಎದುರಿಗೇ ಕೂತಿದ್ದಳು.

"ಹೌದ್ರಿ, ಗೊತ್ತಿತ್ರಿ," ಅಂದೆ.

ಆಕೆಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನೇ ನಾನು.

ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತೇವೆ. ಅಪ್ಪ ತೀರಿಕೊಂಡ ವರ್ಷ ಅಣ್ಣ ನನ್ನನ್ನು ಅಕ್ಕನ ಊರು ಜುಗೂಳಕ್ಕೆ ಕಳಿಸಿದ. "ಮನಿಗೆ ಕರಕೊಂಡ ಬರಬ್ಯಾಡ. ಸೀದಾ ಚಿಕ್ಕೋಡಿ ರಜಿಸ್ಟರ್ ಕಚೇರಿಗೆ ಬಾ, ನಾ ಅಲ್ಲೇ ಇರ್ತೀನಿ," ಅಂದಿದ್ದ. ಯಾಕೆಂದು ನಾನು ಕೇಳಲಿಲ್ಲ. ಗೊತ್ತಿತ್ತು.

ನಮ್ಮೂರು ಅಂಕಲಿ ಹಿಂದೆ ಬಿದ್ದಾಗ ಬೈಕಿನ ಹಿಂದಿನಿಂದ ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. "ತಮ್ಮಾ, ಊರ ದಾಟಿ ಹೊಂಟಿಯಲ್ಲೋ! ತವರಮನಿ ಮಾರೀರೇನ?"

"ಹೊಲದ ಉತಾರದಾಗ ಅಪ್ಪನ ಹೆಸರ ತಗೀಬೇಕಂತ. ಎಲ್ಲಾ ಮಕ್ಕಳ ಸಹಿ ಬೇಕಂತ."

"ಅಷ್ಟ ಹೌದಲ್ಲೋ? ನಡಿ."

ನನ್ನ ಮಕ್ಕಳಿಗೆಂದು ಶೇಂಗಾ ಉಂಡಿಯ ಡಬ್ಬಿ ತಂದಿದ್ದಳು. ಕಚೇರಿಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, ಅಣ್ಣ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದಳು. ಅಧಿಕಾರಿ ಏನೋ ಕೇಳಿದಾಗ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಕೆಯೂ ಆಡಿಸಿದಳು. ಮನೆಗೆ ಬಂದ ಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ಹೊಸ ಸೀರೆಯಿಟ್ಟು ಉಡಿ ತುಂಬಿದರು. ಅಕ್ಕ ಕಣ್ಣೀರು ತಂದುಕೊಂಡು, "ಅಪ್ಪ ಇಲ್ಲಂದ್ರೂ ತವರ ಐತಿ," ಅಂದಳು. ಆ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಏನೂ ತಿಳಿಯದ ಹೆಡ್ಡನಾಗಿದ್ದರೆ ನನ್ನ ಮೇಲೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಕಲಿತದ್ದು ಏಳನೇ ಇಯತ್ತೆ. ಆದರೆ ಫೋನಿನಲ್ಲಿ ದೇಶದೇಶದ ಕೋರ್ಟುಗಳ ಸುದ್ದಿ ನೋಡುವ ಚಟವಿತ್ತು. ಚಹಾದ ಅಂಗಡಿಯಲ್ಲಿ ಕೂತು ಭಾಷಣ ಬಿಗಿಯುತ್ತಿದ್ದೆ. ಅಮೆರಿಕದ ಕೋರ್ಟು ಗರ್ಭಪಾತದ ಹಕ್ಕು ಕಸಿದುಕೊಂಡಾಗ ಅಲ್ಲಿನ ಹೆಂಗಸರ ಪರವಾಗಿ ಮೇಜು ಗುದ್ದಿದ್ದೆ. ನೈಜೀರಿಯಾದ ಕೋರ್ಟು ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ ಎಂದದ್ದನ್ನು ಹೇಳಿ, ನಮ್ಮ ಸುಪ್ರೀಂ ಕೋರ್ಟೂ ಹಾಗೇ ಹೇಳಿದೆ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ತಿಳಿಸಿಕೊಟ್ಟವನೂ ನಾನೇ. ಇಷ್ಟೆಲ್ಲ ಬಲ್ಲವನು ಉಂಡಿ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದೆ. ಅಕ್ಕ ತನ್ನ ಪಾಲು ಬಿಟ್ಟುಕೊಟ್ಟರೆ ನನ್ನ ಕಬ್ಬಿನ ಹೊಲ ಹೆಚ್ಚುತ್ತಿತ್ತು. ಬೇರೆ ಕಾರಣವಿಲ್ಲ.

ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರಿಲ್ಲದ್ದು ತಿಳಿದು ಅಕ್ಕ ದಾವೆ ಹಾಕಿದಳು. "ಸೀರಿ ಉಟಗೊಂಡ ಹೋಗಿ ಕೋರ್ಟ್ ಹತ್ತ್ಯಾಳ," ಎಂದು ಅಣ್ಣ ಊರೆಲ್ಲ ಆಡಿಕೊಂಡ. ಪಂಚಮಿಗೆ ಕರೆಯುವುದು ನಿಂತಿತು. ಅಣ್ಣನ ಸಾಕ್ಷಿಯಾಗಿ ನಾನು ಆ ಸುಳ್ಳು ಹೇಳಿ ಬಂದೆ.

ಮರುದಿನ ಚಹಾದ ಅಂಗಡಿಯಲ್ಲಿ ಮತ್ತೆ ಯಾವುದೋ ದೇಶದ ತೀರ್ಪಿನ ಮಾತು ತೆಗೆದೆ. ಅಂಗಡಿಯವ ಕಪ್ಪು ತೊಳೆಯುತ್ತಲೇ ಕೇಳಿದ: "ಅಲ್ಲೋ ಮಾರಾಯಾ, ನಿಮ್ಮ ಅಕ್ಕನ್ನ ನೈಜೀರಿಯಾಕ್ಕ ಕೊಟ್ಟಿದ್ರ ಪಾಲ ಸಿಗತಿತ್ತೇನ?"

ಎಲ್ಲರೂ ನಕ್ಕರು. ನಾನು ಚಹಾ ಬಿಟ್ಟು ಎದ್ದು ಜುಗೂಳದ ದಾರಿ ಹಿಡಿದೆ.

ಅಕ್ಕ ಎಮ್ಮೆ ಹಿಂಡುತ್ತಿದ್ದಳು. ಅಳುತ್ತ ಹೋಗಿ ನಿಂತ ನನ್ನತ್ತ ತಿರುಗಲಿಲ್ಲ. "ನನ್ನ ಮುಂದ ಯಾಕ ಅಳ್ತೀಯೋ? ಖರೇ ಏನಂತ ನನಗ ಗೊತ್ತಿಲ್ಲೇನ? ಸುಳ್ಳ ಎಲ್ಲಿ ಹೇಳೀದಿ, ಅಲ್ಲೇ ಹೋಗಿ ಹೇಳ."

ಆಕೆಯ ವಕೀಲರು ಅರ್ಜಿ ಕೊಟ್ಟು ನನ್ನನ್ನು ಮತ್ತೆ ಕರೆಸಿದರು. ಬಾಗಿಲಲ್ಲಿ ಅಣ್ಣ ನನ್ನ ರಟ್ಟೆ ಹಿಡಿದ. "ಲೇ, ನಿನ್ನ ಪಾಲೂ ಕಡಿಮಿ ಆಗ್ತೈತಿ, ನೆನಪಿಡ."

"ಆಗಲಿ, ಕೈ ಬಿಡ," ಅಂದೆ.

ಕಾಗದದಲ್ಲಿ ಏನಿದೆ ಎಂದು ಅಕ್ಕನಿಗೆ ತಿಳಿಸಿರಲಿಲ್ಲ, ಮೊದಲು ಹೇಳಿದ್ದು ಸುಳ್ಳು ಎಂದು ಕಟಕಟೆಯಲ್ಲಿ ನಿಂತು ಹೇಳಿದೆ. ಕಣ್ಣು ಅಕ್ಕನ ಮೇಲೇ ಇತ್ತು. "ನನ್ನ ಕಡೆ ನೋಡಿ ಹೇಳಿ," ಎಂದರು ನ್ಯಾಯಾಧೀಶರು. ಅವರ ಕಡೆ ನೋಡಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಕೆಳಗಿಳಿದವನು ಅಕ್ಕನ ಮುಂದೆ ನಿಂತೆ. ಅಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ ಅಂದೆ:

"ಅಕ್ಕಾ, ಹಬ್ಬಕ್ಕಂತ ಕರಕೊಂಡ ಬಂದ ನಿನಗ ಮೋಸ ಮಾಡಿದ್ನಿ. ತಪ್ಪ ನಂದ ಐತಿ. ಕ್ಷಮಾ ಮಾಡ."