ಕೆಳಗಿನಮ್ಮನ ಡಬ್ಬಿ

ಈ ಸಲ ದಸರೆಗೆ ಅಡುಗೆಮನೆಯ ಸಜ್ಜದ ಮೇಲಿನ ಸಾಮಾನನ್ನೆಲ್ಲ ಇಳಿಸಿ ತೊಳೆಯುತ್ತಿದ್ದಾಗ ಮಗಳ ಕೈಗೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮೇಲೆ ಹಿಡಿ ಇರುವ ಹಳೆಯ ಕಾಲದ ಡಬ್ಬಿ. ಬಿಗಿದುಕೊಂಡಿದ್ದ ಮುಚ್ಚಳವನ್ನು ಅವಳು ಹೊಟ್ಟೆಗೆ ಒತ್ತಿ ಹಿಡಿದು ತೆಗೆದಳು. ಒಳಗೆ ಏನೂ ಇರಲಿಲ್ಲ. ಆದರೂ ನನಗೆ ಏಲಕ್ಕಿಯ ವಾಸನೆ ಬಂದ ಹಾಗಾಯಿತು...

"ಇದು ಯಾರದ್ದಮ್ಮ? ಯಾರದೋ ಹೆಸರು ಹಾಕಿಸಿದ್ದಾರೆ," ಎಂದಳು, ಮುಚ್ಚಳದ ಮೇಲಿನ ಚುಕ್ಕಿ ಅಕ್ಷರಗಳನ್ನು ಬೆರಳಲ್ಲಿ ತಡವುತ್ತ.

"ಕೆಳಗಿನಮ್ಮಂದು," ಎಂದುಬಿಟ್ಟೆ. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಅವರಾ? ನಾವು ಮನೆ ಬಿಟ್ಟ ದಿನ ನಂಗೇನೂ ಕೊಡದೆ ಕಳಿಸಿದ್ರಲ್ಲ, ಅವರಾ? ಮತ್ತೆ ಅವರ ಡಬ್ಬಿ ನಮ್ಮನೇಲಿ ಯಾಕಿದೆ?"

ಹನ್ನೆರಡು ವರ್ಷ ಆಗಿದೆ. ಆಗ ನಾಲ್ಕು ವರ್ಷದವಳು, ಆದರೂ ಆ ಸಿಟ್ಟನ್ನು ಮರೆತಿಲ್ಲ. "ಮೊದಲು ಕಾಯಿ ತುರಿ, ಪಾಯಸಕ್ಕೆ ಹೊತ್ತಾಯ್ತು," ಎಂದು ಮಾತು ತೇಲಿಸಿದೆ.

ಮದುವೆಯಾಗಿ ನಾನು ಕಾಲಿಟ್ಟ ಮೊದಲ ಮನೆ ಕುಂಬಾರಕೊಪ್ಪಲಿನಲ್ಲಿತ್ತು. ಮೇಲೆ ಎರಡು ಕೋಣೆಯ ನಮ್ಮ ಸಂಸಾರ, ಕೆಳಗೆ ಓನರಮ್ಮ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ಕೊಪ್ಪಲು ಇನ್ನೂ ಹಳ್ಳಿಯಾಗಿದ್ದಾಗ ಹೊಲ ಗೇದಿದ್ದ ಗಟ್ಟಿ ಹೆಂಗಸು. ಮಾತೂ ಹಾಗೇ ಗಟ್ಟಿ. ನಾನು ಒಂದು ಖಾಸಗಿ ಶಾಲೆಯ ಆಫೀಸಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಗಳಿಗೆ ಒಂದು ವರ್ಷ ತುಂಬಿದಾಗ, "ಮಗೀನ ಬುಟ್ಟೋಗವ್ವ, ನಾನಿಲ್ವಾ?" ಎಂದು ಅವರೇ ಕೈ ಚಾಚಿ ಎತ್ತಿಕೊಂಡರು.

ನನ್ನ ಮಗಳಿಗೆ ಹಾಲು ಆಗುತ್ತಿರಲಿಲ್ಲ. ಹಾಲು, ಮೊಸರು, ಒಂದು ತೊಟ್ಟು ತುಪ್ಪ, ಏನು ಹೊಟ್ಟೆಗೆ ಹೋದರೂ ಮೈಯೆಲ್ಲ ದದ್ದು, ಉಸಿರಿಗೆ ಕಷ್ಟ. ಹಬ್ಬ ಬಂತೆಂದರೆ ನನಗೆ ಸಂಕಟ. ನಮ್ಮ ಯಾವ ಸಿಹಿ ತಾನೇ ಹಾಲು ತುಪ್ಪ ಬಿಟ್ಟು ಆಗುತ್ತದೆ? ಎಲ್ಲರ ಎಲೆಗೂ ಪಾಯಸ ಬಿದ್ದಾಗ ನನ್ನ ಕೂಸು ಬಾಳೆಹಣ್ಣು ಹಿಡಿದು ಕೂತಿರುತ್ತಿತ್ತು.

ಓನರಮ್ಮ ಅದನ್ನು ಒಂದೇ ಹಬ್ಬ ನೋಡಿದ್ದು. ಮರುವರ್ಷದ ದಸರೆಗೆ ಗೊಂಬೆ ಕೂರಿಸಿದಾಗ ಮಗುವಿಗೆಂದೇ ಹೆಸರುಬೇಳೆ ಪಾಯಸ ಮಾಡಿದರು. ಹಾಲಿನ ಬದಲು ಕಾಯಿಹಾಲು, ತುಪ್ಪದ ಬದಲು ಬರಿ ಬಾಣಲೆಯಲ್ಲಿ ಹುರಿದ ಗೋಡಂಬಿ, ಬೆಲ್ಲ, ಏಲಕ್ಕಿ. ಈಗ ಮಗಳ ಕಾಲೇಜಿನ ಹುಡುಗಿಯರು ಇದಕ್ಕೆ ವೀಗನ್ ಎನ್ನುತ್ತಾರೆ. ಓನರಮ್ಮನಿಗೆ ಆ ಪದ ಗೊತ್ತಿರಲಿಲ್ಲ. ಮಗೀಗೆ ಆಗಲ್ಲ ಅನ್ನುವುದೊಂದು ಗೊತ್ತಿತ್ತು. ಮಗಳು ಲೋಟ ನೆಕ್ಕಿ, ಬೆರಳು ನೆಕ್ಕಿ, ಇನ್ನೂ ಬೇಕೆಂದು ಅವರ ಸೆರಗು ಹಿಡಿದು ಎಳೆದಳು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

ಮಾರನೇ ಭಾನುವಾರವೇ ನಾನೂ ಕಾಯಿಹಾಲು ಹಿಂಡಿ ಪಾಯಸ ಮಾಡಿದೆ. ಒಡೆದುಹೋಯಿತು. ಕಾಯಿ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಗಳು ಒಂದು ಚಮಚ ಬಾಯಿಗಿಟ್ಟು, "ಇದು ಬ್ಯಾಡ ಬುಡಮ್ಮ, ಕೆಳಗಿನಮ್ಮಂದೇ ಚಂದ," ಎಂದಳು. ಮಾತೂ ಅವರದೇ, ಆ "ಬುಡಮ್ಮ"ವೂ ಅವರದೇ! ಆ ಹೊತ್ತಿಗೆ ಅವಳ ಲೆಕ್ಕದಲ್ಲಿ ಇಬ್ಬರು ಅಮ್ಮಂದಿರಿದ್ದರು. ಅವರು ಕೆಳಗಿನಮ್ಮ, ನಾನು ಮೇಲಿನಮ್ಮ. ಹೆತ್ತವಳು ನಾನು. ನನಗೂ ಒಂದು ಮಹಡಿಯ ಗುರುತು ಬೇಕಾಯಿತೇ ಎಂದು ಮೈಯೆಲ್ಲ ಉರಿಯಿತು.

ಓನರಮ್ಮ ಗುಟ್ಟು ಇಟ್ಟುಕೊಂಡವರಲ್ಲ. "ಬಾರವ್ವ, ಒಂದ್ಸಲ ನಿಂತ್ಕಂಡು ನೋಡ್ಕ. ಕಾಯಿದು ಮೊದಲ್ನೇ ಗಟ್ಟಿಹಾಲು ಯಾವಾಗ ಹಾಕ್ಬೇಕು ಅಂತ ಹೇಳ್ಕೊಡ್ತೀನಿ," ಎಂದು ಎಷ್ಟು ಸಲ ಕರೆದರೋ. "ನನಗೆ ಗೊತ್ತು ಬಿಡೀಮ್ಮ," ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಏನು ಗೊತ್ತಿತ್ತು ನನಗೆ, ಮಣ್ಣು!

ಒಮ್ಮೆ ಮಗಳಿಗೆ ಜ್ವರ ಬಂತು. ನನ್ನ ತೊಡೆಯ ಮೇಲೆ ಮಲಗಿದ್ದವಳು ಕಣ್ಣು ಮುಚ್ಚಿಕೊಂಡೇ "ಕೆಳಗಿನಮ್ಮ..." ಎಂದು ನರಳಿದಳು. ನಮ್ಮವರು ಎದ್ದು ಅವರನ್ನು ಕರೆಯಲು ಹೊರಟರು. ನಾನು ಬಿಡಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಈ ಮನೆ ಬಿಡಬೇಕು. ನಮ್ಮವರಿಗೆ ನೀರು ಸಾಲದು ಎಂದೆ, ಮೆಟ್ಟಿಲು ಕಡಿದು ಎಂದೆ. ನೀರೂ ಸಾಕಿತ್ತು, ಆ ಮೆಟ್ಟಿಲಲ್ಲಿ ಮಗಳು ದಿನಕ್ಕೆ ಹತ್ತು ಸಲ ಇಳಿಯುತ್ತಿದ್ದಳು. ಅವಳು ಇಳಿಯುವುದೇ ನನಗೆ ಬೇಡವಾಗಿತ್ತು.

ಹಿನಕಲ್‌ನಲ್ಲಿ ಮನೆ ಸಿಕ್ಕಿತು. ವಿಜಯದಶಮಿಗೆ ಮುಹೂರ್ತ ನೋಡಬೇಕಿಲ್ಲವಲ್ಲ, ಅವತ್ತೇ ಸಾಮಾನು ಸಾಗಿಸಿದೆವು. ಹೊರಡುವಾಗ ಓನರಮ್ಮ ಮಗಳ ತಲೆ ನೇವರಿಸಿದರು. ಅತ್ತರೇನೋ, ನಾನು ಮುಖ ನೋಡಲಿಲ್ಲ. ಮಗಳು ಟೆಂಪೋದ ಮುಂದಿನ ಸೀಟಿನಲ್ಲಿ ಅಪ್ಪನ ತೊಡೆ ಏರಿದ ಮೇಲೆ ಅವರು ಒಳಗಿಂದ ಈ ಡಬ್ಬಿ ತಂದು ನನ್ನ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು.

"ಹೊಸ ಮನೇಲಿ ಹಾಲು ಉಕ್ಕಿಸ್ತೀರಲ್ಲ, ಎಲ್ರೂ ಅದ್ರದೇ ಪಾಯಸ ಕುಡೀತೀರಿ. ಮಗ ಬಾಯ್ ಬಾಯ್ ನೋಡ್ಬಾರ್ದು ಕಣವ್ವ. ಇದ್ನ ಕೊಡು. ಡಬ್ಬಿ ನಿಧಾನಕ್ಕೆ ತಂದ್ಕೊಡೀವಂತೆ, ಆ ನೆಪದಲ್ಲಾದ್ರೂ ಬತ್ತೀರ."

ಹೊಸ ಮನೆಯಲ್ಲಿ ಹಾಲು ಉಕ್ಕಿತು. ಬಂದವರೆಲ್ಲ ಹೊಸ ಮನೆ ಚೆನ್ನಾಗಿದೆ ಎಂದಾಗ ನನಗೆ ಹಾಲು ಕುಡಿದಷ್ಟು ಸಂತೋಷ. ಮಗಳು ಅಡುಗೆಮನೆಯ ಬಾಗಿಲಿಗೆ ಬಂದು, "ನಂಗೆ ಕೆಳಗಿನಮ್ಮ ಏನ್ ಕೊಟ್ರು?" ಎಂದಳು.

ನನ್ನ ಮನೆ, ನನ್ನ ಒಲೆ. ಇಲ್ಲಿ ನನ್ನ ಮಗಳು ತಿನ್ನುವ ಮೊದಲ ಸಿಹಿಯೂ ಅವರದೇ ಆಗಬೇಕೇ?

"ಏನೂ ಕೊಡಲಿಲ್ಲ ಕಂದ," ಎಂದೆ. ಬಾಳೆಹಣ್ಣಿಗೆ ಸಕ್ಕರೆ ಹಚ್ಚಿ ಕೈಗಿಟ್ಟೆ. ಅವಳು ಅಳಲಿಲ್ಲ. ಹಣ್ಣನ್ನು ಕಿಟಕಿಯ ಮೇಲಿಟ್ಟು ಹೋದಳು. ನಾನು ಪಾಯಸವನ್ನು ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದೆ.

ಆಮೇಲೆ ಅವಳು ಕೆಳಗಿನಮ್ಮನ ಹೆಸರೆತ್ತುವುದನ್ನೇ ಬಿಟ್ಟಳು. ಹೋಗೋಣ ಬಾ ಎಂದು ಅವರಪ್ಪ ಕರೆದರೂ ತಲೆ ಅಲ್ಲಾಡಿಸುತ್ತಿದ್ದಳು. ನಾನು ಗೆದ್ದಿದ್ದೆ. ಡಬ್ಬಿಯನ್ನು ಖಾಲಿ ವಾಪಸ್ಸು ಕೊಡುವ ಹಾಗಿಲ್ಲ, ಏನಾದರೂ ತುಂಬಿಸಿಯೇ ಕೊಡಬೇಕು. ಏನು ತುಂಬಿಸಲಿ? ಇವತ್ತು ನಾಳೆ ಎನ್ನುತ್ತ ಸಜ್ಜದ ಮೇಲಿಟ್ಟೆ. ಹಿನಕಲ್‌ನಿಂದ ಕುಂಬಾರಕೊಪ್ಪಲೇನು ಕಾಶಿಯೇ? ಆಟೋ ಹತ್ತಿದರೆ ಹತ್ತು ನಿಮಿಷ. ಹೋದ ವರ್ಷ ಮಾರ್ಕೆಟ್ಟಿನಲ್ಲಿ ಆ ಬೀದಿಯ ಹೂವಿನವಳು ಸಿಕ್ಕು, ಓನರಮ್ಮ ತೀರಿಕೊಂಡು ಆರು ತಿಂಗಳಾಯಿತು ಎಂದಳು. "ಪಾಪು ಎಷ್ಟೆತ್ರ ಆಗೈತೆ ಅಂತ ಕೇಳ್ತಾನೇ ಇದ್ರು ಕಣಕ್ಕ," ಎಂದಳು. ಹೂವು ತೆಗೆದುಕೊಳ್ಳುವುದನ್ನು ಮರೆತು ಮನೆಗೆ ಬಂದೆ. ಆ ಸುದ್ದಿಯನ್ನು ಮಗಳಿಗೆ ಹೇಳಲಿಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು...

ಇವತ್ತೂ ಪಾಯಸ ಒಡೆಯಿತು. ಗಟ್ಟಿಹಾಲು ಹಾಕಿ ಕುದಿಸುತ್ತ ನಿಂತಿದ್ದೆ, ಮನಸ್ಸೆಲ್ಲೋ ಇತ್ತು. ಮಗಳು ಪಾತ್ರೆಗೆ ಬಗ್ಗಿ ನೋಡಿ, "ಒಲೆ ಆರಿಸಿದ್ಮೇಲೆ ಹಾಕ್ಬೇಕಮ್ಮ ಅದನ್ನ. ಎಷ್ಟು ವರ್ಷದಿಂದ ಇದೇ ಮಾಡ್ತೀಯ," ಎಂದಳು.

"ನಿಂಗೆ ಯಾರು ಹೇಳಿಕೊಟ್ರು?"

"ಗೊತ್ತಿಲ್ಲ. ಕೆಳಗಿನಮ್ಮ ಪಾತ್ರೆ ಕೆಳಗಿಳಿಸಿ ನೆಲದ ಮೇಲೆ ಇಟ್ಕೊಂಡೇ ಹಾಕ್ತಿದ್ದಿದ್ದು. ನಾನು ತಿರುವ್ತಿದ್ದೆ, ಅಷ್ಟು ನೆನಪಿದೆ."

ನಾನು ಸೌಟು ಕೆಳಗಿಟ್ಟೆ.

"ಅವರು ಕೊಟ್ಟಿದ್ರು ಕಣೇ. ಮನೆ ಬಿಟ್ಟ ದಿನ, ಆ ಡಬ್ಬಿ ತುಂಬ ಪಾಯಸ. ನಿನಗೇ ಅಂತ. ನಾನೇ ಸಿಂಕಿಗೆ ಸುರಿದೆ. ನಿನಗೆ ಸುಳ್ಳು ಹೇಳಿದೆ. ಈಗ ಅವರೂ ಇಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಡಬ್ಬಿಯನ್ನು ಎತ್ತಿಕೊಂಡು ಆ ಹೆಸರನ್ನು ಮೊದಲ ಸಲ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಕೇಳಿದಳು.

"ಸುರಿಯೋಕ್ ಮುಂಚೆ ನೀನು ರುಚಿ ನೋಡಿದ್ಯಾ?"

"ನೋಡಿದ್ದೆ."

"ಹೇಗಿತ್ತು?"

"ಚೆನ್ನಾಗಿತ್ತು," ಎಂದೆ. "ಅದಕ್ಕೇ ಸುರಿದೆ."