ಬೀಗರ ಮನೆಗೆ ಹೋದ ಹಳದಿ ಗಿಣಿ

ಐವತ್ತರ ದಶಕದ ಕೊನೆಯಲ್ಲಿ ಅಣ್ಣನಿಗೆ ಹರಿಹರದ ಹುಡುಗಿಯ ಜೊತೆ ಮದುವೆ ಗೊತ್ತಾಯಿತು. ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಸಕ್ಕರೆ ಆರತಿ ಎಂಬ ಸಕ್ಕರೆ ಗೊಂಬೆಗಳನ್ನು ಕಳಿಸುವುದು ನಮ್ಮಲ್ಲಿ ಪದ್ಧತಿ. ಅವ್ವ ದಾವಣಗೆರೆಯ ನಮ್ಮ ಮನೆಯಲ್ಲೇ ಪಾಕ ಮಾಡಿ, ಕಟ್ಟಿಗೆಯ ಅಚ್ಚಿಗೆ ಸುರಿದು ಗಿಣಿ, ನವಿಲು, ಆನೆ ಮಾಡುತ್ತಿದ್ದಳು. ಪ್ರತಿವರ್ಷ ಬರೀ ಬಿಳಿಯವೇ. ಆ ವರ್ಷ ಮಾತ್ರ ಬೀಗರ ಮನೆಗೆ ಬಿಳಿ ಸಾಲದೆನಿಸಿತು.

ಬಟ್ಟೆ ಗಿರಣಿಯಲ್ಲಿ ಬಣ್ಣದ ಕೆಲಸಕ್ಕಿದ್ದ ಸೋದರಮಾವ ಒಂದು ಪೊಟ್ಟಣ ಹಳದಿ ಪುಡಿ ತಂದುಕೊಟ್ಟ.

“ತಿನ್ನಾಕೆ ಬರ್ತೈತೇನೋ ಇದು?” ಅವ್ವ ಕೇಳಿದಳು.

“ಪ್ಯಾಟ್ಯಾಗಿನ ಜಿಲೇಬಿಗೆ ಮತ್ತೇನ್ ಹಾಕ್ತಾರಂತ ಮಾಡೀಯಕ್ಕ? ಚಿಟಿಕೆ ಸಾಕು.”

ಚಿಟಿಕೆಗೇ ಇಡೀ ಪಾಕ ಚೆಂಡುಹೂವಿನ ಹಾಗಾಯಿತು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು.

ಹುಣ್ಣಿಮೆ ಕಳೆದ ಮೂರನೆಯ ದಿನ ಹರಿಹರದಿಂದ ಸುದ್ದಿ ಬಂತು. ಹುಡುಗಿಯ ಕೊನೆಯ ತಂಗಿ, ನಾಲ್ಕು ವರ್ಷದ ಕೂಸು, ವಾಂತಿಭೇದಿಯಾಗಿ ತೀರಿಕೊಂಡಿತ್ತು. ನೀರಿನ ದೋಷವೆಂದರಂತೆ ಡಾಕ್ಟರು. ಆ ಓಣಿಯಲ್ಲಿ ಇನ್ನಿಬ್ಬರಿಗೂ ಹಾಗೇ ಆಗಿತ್ತಂತೆ. ಆರತಿಯ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಅವ್ವನ ಬೆರಳುಗಳ ಹಳದಿ ಇನ್ನೂ ಹೋಗಿರಲಿಲ್ಲ. ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಕೊನೆಗೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬೀಗರನ್ನು ಮಾತಾಡಿಸಿಕೊಂಡು ಬಂದಳು.

ಮರುವರ್ಷ ಅತ್ತಿಗೆ ನಮ್ಮ ಮನೆಗೆ ಬಂದಳು. ಅವ್ವ ಅವಳ ಮುಖವನ್ನು ನೇರವಾಗಿ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ಮನೆಯಲ್ಲಿ ಸಕ್ಕರೆ ಆರತಿಯೂ ಆಗಲಿಲ್ಲ. ಯಾರ ಮನೆಯಲ್ಲಾದರೂ ಸಿಹಿ ಕೊಟ್ಟರೆ, “ಬಣ್ಣ ಹಾಕೀರೇನ್ರಿ?” ಎಂದು ಕೇಳಿ ತಟ್ಟೆ ಸರಿಸಿಬಿಡುತ್ತಿದ್ದಳು. ಮಧ್ಯಾಹ್ನ ಮಲಗಿದ್ದವಳು ಥಟ್ಟನೆ ಎದ್ದು ಕೂತು, “ಕೂಸು ಅತ್ತಂಗಾತಲ್ಲ?” ಎನ್ನುತ್ತಿದ್ದಳು. ಆಗ ಮನೆಯಲ್ಲಿ ಕೂಸೇ ಇರಲಿಲ್ಲ.

ಅತ್ತಿಗೆಯ ಮಗಳಿಗೆ ನಾಲ್ಕು ತುಂಬಿದ ವರ್ಷ, ಹುಣ್ಣಿಮೆಯ ಬೆಳಿಗ್ಗೆ, ಅತ್ತಿಗೆಯೇ ಕೇಳಿದಳು: “ಪ್ಯಾಟ್ಯಾಗಿಂದು ನಾಕು ಸಕ್ಕರೆ ಆರತಿ ತರಿಸ್ಲೇನ್ರಿ ಅತ್ತಿ? ಹುಡುಗಿ ಆಸೆ ಪಡ್ತೈತಿ.”

“ಬ್ಯಾಡ.”

“ಯಾಕ್ರಿ?”

ಅವ್ವ ಅಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು: ಗಿರಣಿಯ ಪುಡಿ, ಮಾವನ ಮಾತು, ತನ್ನ ಆಸೆ. ಅತ್ತಿಗೆ ಬೈಯುತ್ತಾಳೆ, ಇಲ್ಲವೇ ತವರಿಗೆ ಹೊರಟುಬಿಡುತ್ತಾಳೆ ಎಂದುಕೊಂಡೆ ನಾನು. ಅವಳು ಬಂದು ಅವ್ವನ ಪಕ್ಕದಲ್ಲೇ ಕೂತಳು.

“ಅವತ್ತು ತಂಗಿಗೆ ತಿನ್ನಾಕೆ ಕೊಟ್ಟಾಕಿ ನಾನೇರಿ,” ಎಂದಳು. “ಒಂದು ಸಾಕು ಅಂದಿದ್ಲು ನಮ್ಮವ್ವ. ಅಳ್ತಾಳಂತ ಕದ್ದು ಮೂರು ಗಿಣಿ ಕೊಟ್ಟೆ. ಅವ್ವಗ ಇವತ್ತಿಗೂ ಹೇಳಿಲ್ಲ.”

“ಅದ್ರಿಂದನೇ ಆತಂತೀಯೇನವ್ವ?”

“ಗೊತ್ತಿಲ್ರಿ ಅತ್ತಿ. ನೀರಿಂದನೂ ಆಗಿರಬೌದು. ಯಾರನ್ನ ಕೇಳೋಣು?”

ಆ ಸಂಜೆ ಗೌರಿಗೆ ಆರತಿ ಬೆಳಗಲು ಇಬ್ಬರೂ ಗುಡಿಗೆ ಹೋಗಲಿಲ್ಲ. ಮಗು ಬೆಲ್ಲ ಕೇಳಿತು. ಕೊಡಲು ಇಬ್ಬರ ಕೈಯೂ ಮುಂದಾಗಲಿಲ್ಲ. ನಾನೇ ಒಂದು ಚೂರು ಮುರಿದು ಕೊಟ್ಟೆ. ಅವಳು ತಿಂದು ಮುಗಿಸುವವರೆಗೂ ಅತ್ತೆ ಸೊಸೆ ಅವಳ ಬಾಯಿಯಿಂದ ಕಣ್ಣು ಕೀಳಲಿಲ್ಲ.