ಬದುವಿನ ಮೇಲಿನ ಮೂರನೆಯ ಅತ್ತೆ

ನನ್ನ ಸೋದರಮಾವನಿಗೆ ನಾಲ್ಕು ಮದುವೆಯಾಗಿದೆ. ಮೂರನೆಯವಳು ಎಕ್ಕೆ ಗಿಡ. ಬಸವನ ಬಾಗೇವಾಡಿಯಲ್ಲಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವವಳು ನಾನು; ಇದನ್ನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನಗಲಿ, ಮೊದಮೊದಲು ನಾನೂ ನಕ್ಕಿದ್ದೆ.

ಮಾವನ ಹೊಲ ಇಂಡಿ ತಾಲ್ಲೂಕಿನ ಲಚ್ಯಾಣದ ಹತ್ತಿರ. ಮೊದಲಿನ ಇಬ್ಬರು ಅತ್ತೆಯಂದಿರೂ ಒಬ್ಬರ ಹಿಂದೊಬ್ಬರು ಕಾಯಿಲೆಯಿಂದ ತೀರಿಕೊಂಡರು. ಐವತ್ತು ದಾಟಿದ ಮೇಲೆ, ಮುದ್ದೇಬಿಹಾಳದಲ್ಲಿ ಹೊಲಿಗೆ ಕಲಿಸುವ ವಿಧವೆಯೊಬ್ಬರು ಮಾವನನ್ನು ಒಪ್ಪಿದರು. ನಮಗೆಲ್ಲ ಖುಷಿಯೋ ಖುಷಿ. ಅಜ್ಜಿ ಮಾತ್ರ ಷರತ್ತು ಹಾಕಿದಳು. ಮೂರನೆಯ ಮದುವೆ ಹೆಂಡತಿಯ ಜೀವಕ್ಕೆ ಆಗಿಬರುವುದಿಲ್ಲವಂತೆ. ಅದಕ್ಕೇ ಮೊದಲು ಎಕ್ಕೆ ಗಿಡಕ್ಕೆ ತಾಳಿ ಕಟ್ಟಿ, ಆಮೇಲೆ ಅದನ್ನು ಕಡಿಯಬೇಕು. ಬರುವ ಕೇಡೆಲ್ಲ ಗಿಡದ ಜೊತೆ ಹೋಗಿಬಿಡುತ್ತದೆ.

"ಆಯಿ, ಇದೆಂಥಾ ಹುಚ್ಚಾಟ?" ಎಂದೆ.

"ನೀ ಗಿಡದ ಸಾಲಿ ಕಲ್ತಾಕಿ ಅದಿ. ಬಾಯಿ ಮುಚ್ಕೊಂಡ ಚೊಲೋದೊಂದು ಎಕ್ಕಿ ಗಿಡ ಹುಡುಕಿ ಕೊಡು."

ಸಿಟ್ಟು ನೆತ್ತಿಗೇರಿತು. ಆದರೂ ಹುಡುಕಿದೆ. ಗಿಡ ಹುಡುಕು ಎಂದರೆ ಒಲ್ಲೆ ಎನ್ನಲು ನನಗೆ ಬರುವುದಿಲ್ಲ.

ಮಾವನ ಹೊಲಕ್ಕೂ ನಾವೆಲ್ಲ ಚಾಚಾ ಎಂದು ಕರೆಯುವ ಪಕ್ಕದ ರೈತರ ಹೊಲಕ್ಕೂ ನಡುವಿನ ಬದುವಿನ ಮೇಲೆ ಆಳೆತ್ತರದ ಗಿಡವೊಂದು ಸಿಕ್ಕಿತು. ದಪ್ಪ ಎಲೆಗಳ ಮೇಲೆ ಹಿಟ್ಟು ಸವರಿದಂತೆ ಬಿಳಿ ಪುಡಿ, ಗೊಂಚಲು ಗೊಂಚಲು ನೇರಳೆ ಹೂ. ಬಂದ ಕೆಲಸ ಮರೆತು, ಜೊತೆಗಿದ್ದ ಮಾವನಿಗೂ ಚಾಚಾನಿಗೂ ಪಾಠ ಶುರು ಮಾಡಿದೆ. ಎಕ್ಕೆ ಹೂವಿನ ಪರಾಗ ಪುಡಿಯಾಗಿ ಉದುರುವುದಿಲ್ಲ. ಪುಟ್ಟ ಜೋಡಿ ಚೀಲಗಳಲ್ಲಿ ಇರುತ್ತದೆ. ಮಕರಂದಕ್ಕೆಂದು ಬಂದ ಕಪ್ಪು ದುಂಬಿಯ ಕಾಲು ಹೂವಿನ ನಡುವಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಿತ್ತುಕೊಂಡು ಹೊರಟರೆ ಚೀಲವೂ ಕಾಲಿಗೆ ಅಂಟಿಕೊಂಡು ಬರುತ್ತದೆ. ಅದನ್ನು ಇನ್ನೊಂದು ಹೂವಿಗೆ ಮುಟ್ಟಿಸಿದರೆ ಮಾತ್ರ ಕಾಯಿ.

"ಅಂದ್ರ ದುಂಬೀನೂ ಹಮಾಲಿ ಮಾಡ್ತೈತಿ ಅನ್ರಿ" ಎಂದರು ಚಾಚಾ. ಆಮೇಲೆ ಮಾವನ ಕಡೆ ತಿರುಗಿ, "ಅರ್ಧ ಬದು ನಂದು. ಹುಡುಗಿ ಕಡೆಯಾಂವ ನಾನ. ಅಳಿಯಂದಿರ, ನನ್ನ ಆಹೇರಿ ಎಲ್ಲೈತಿ?" ಎಂದು ಕೇಳಿ, ಮದುವೆಯ ಉಡುಗೊರೆಯೆಂದು ಹೊಸ ಟಾವೆಲ್ ಹಾಕಿಸಿಕೊಂಡೇ ಬಿಟ್ಟರು.

ಭಾನುವಾರ ಅರಿಶಿನದ ಕೊಂಬಿನ ತಾಳಿ ಕಟ್ಟಿದ್ದಾಯಿತು. ಕೈಗೆ ಕೊಡಲಿ ಕೊಟ್ಟಾಗ ಮಾವ ಅದನ್ನು ಕೆಳಗಿಟ್ಟುಬಿಟ್ಟ.

"ಎರಡ ಸಲ ಕಳಕೊಂಡೇನಿ. ಮೂರನೇದ್ದನ್ನ ನಾನ ಕಡೀಲೇನು?"

ಕಡಿಯದೆ ಮುಂದಿನ ಮದುವೆ ಇಲ್ಲ ಎಂದಳು ಅಜ್ಜಿ. ನಾನು ನಡುವೆ ಬಾಯಿ ಹಾಕಿದೆ: "ಕಡೀ ಮಾಮಾ. ಎಕ್ಕಿ ಬೇರು ಭಾಳ ಆಳಕ್ಕ ಇರ್ತೈತಿ, ಎರಡ ವಾರದಾಗ ಚಿಗೀತೈತಿ. ನನ್ನ ಮಾತ ನಂಬು."

ಮಾವ ನಂಬಿದ. ಕಡಿದ ಬುಡದಿಂದ ಹಾಲು ಸುರಿಯಿತು. "ಇದು ಚಿಗಿಯೂತನಕ ನಾ ಮುದ್ದೇಬಿಹಾಳಕ್ಕ ಹೋಗಂಗಿಲ್ಲ" ಎಂದ. ಅಲ್ಲಿಗೆ ಇಡೀ ಮದುವೆ ನನ್ನ ಸಸ್ಯಶಾಸ್ತ್ರಕ್ಕೆ ಬಂದು ಜೋತುಬಿತ್ತು.

ಎರಡು ವಾರವಾಯಿತು, ಮೂರಾಯಿತು. ಚಿಗುರಿನ ಸುದ್ದಿಯಿಲ್ಲ. ಮುದ್ದೇಬಿಹಾಳದಿಂದ ಆ ಹೊಲಿಗೆ ಟೀಚರ್ ನನಗೇ ಫೋನ್ ಮಾಡಿದರು: "ಏನ್ರಿ, ನಮ್ಮ ಅಕ್ಕ ಇನ್ನೂ ಎದ್ದಿಲ್ಲೇನ್ರಿ?" ಆಕೆ ನಗುತ್ತಲೇ ಕೇಳಿದರು. ನನಗೆ ನಾಚಿಕೆಯಾಯಿತು. ಸಿಂದಗಿಯಲ್ಲಿ ಪರೀಕ್ಷೆಯ ಕೆಲಸದ ಮೇಲಿದ್ದವಳು ಅಲ್ಲಿಂದಲೇ ಇಂಡಿ ಬಸ್ಸು ಹತ್ತಿದೆ.

ಬದುವಿನ ಹತ್ತಿರ ಹೋದರೆ ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡಿತು. ಬಿರುಬೇಸಿಗೆಯಲ್ಲಿ ಕೆಸರು! ಬುಡದ ಸುತ್ತ ಮಾವ ಪಾತಿ ಮಾಡಿ, ದಿನಾ ಎರಡು ಕೊಡ ನೀರು ಸುರಿಯುತ್ತಿದ್ದ. ಎರೆಭೂಮಿ, ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ.

"ಮಾಮಾ, ಬುದ್ಧಿ ಐತೇನು ನಿನಗ? ಕಲ್ಲಾಗ ಹುಟ್ಟೂ ಗಿಡ ಇದು. ನೀರ ಹಾಕಿ ಕೊಳಿಸಾಕತ್ತಿ!" ಎಂದು ಚೀರಾಡಿದೆ.

ಮಾವ ತಲೆ ತಗ್ಗಿಸಿದ. "ಅವರಿಬ್ಬರೂ ದವಾಖಾನಿಯೊಳಗ ಹ್ವಾದ್ರವ್ವಾ. ಒಳಗ ಬಿಡ್ಲಿಲ್ಲ ನನ್ನ. ಕಡೀಕ ಒಂದ ಗುಟುಕ ನೀರ ಹಾಕಾಕೂ ಆಗ್ಲಿಲ್ಲ. ಇದಕರ ಹಾಕೂಣಂತ..."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಳು ಬಂತು, ಅತ್ತುಬಿಟ್ಟೆ. ಚಾಚಾ ತಮ್ಮ ಹೊಲದಿಂದ ಸಲಿಕೆ ತಂದು ಪಾತಿ ಒಡೆದು, ನೀರು ಬಸಿದುಹೋಗಲು ಕಾಲುವೆ ತೋಡಿದರು.

ಹತ್ತು ದಿನದ ಮೇಲೆ ನಾನು ಪಾಠ ಮಾಡುತ್ತಿದ್ದಾಗ ಮೊಬೈಲಿಗೆ ಚಾಚಾನ ಫೋಟೋ ಬಂತು: ಮಣ್ಣಿನಿಂದ ಎದ್ದ ಎರಡು ಪುಟ್ಟ ಎಲೆ, ಮೈಮೇಲೆ ಬಿಳಿ ಪುಡಿ. ಹಿಂದೆಯೇ ಅವರ ದನಿ: "ಮಗಳು ಕಣ್ಣ ಬಿಟ್ಟಾಳ, ಅಳಿಯಗ ಹೇಳ್ರಿ!" ಅವತ್ತು ಇಡೀ ತರಗತಿಗೆ ಪೇಡೆ ಹಂಚಿದೆ.

ಮದುವೆಯಾಗಿ ಬಂದ ಹೊಸ ಅತ್ತೆ, ಮೊದಲು ಹೊಲಕ್ಕೇ ಕರೆದುಕೊಂಡು ಹೋಗಿರೆಂದು ಹಟ ಹಿಡಿದರು. ಅಷ್ಟರಲ್ಲಿ ಚಿಗುರು ಮೊಳಕಾಲೆತ್ತರವಾಗಿತ್ತು. ಅರಿಶಿನ ಕುಂಕುಮ ಹಚ್ಚಿ ಅವರು ತಂಬಿಗೆಯ ನೀರು ಎತ್ತಿದ್ದೇ ತಡ, ಮಾವ ಹಾರಿ ಕೈ ಹಿಡಿದ.

"ಹಾಕಬ್ಯಾಡ! ಅದಕ್ಕ ನೀರ ಆಗಿಬರಂಗಿಲ್ಲ."

ಅತ್ತೆ ಒಂದು ಗಳಿಗೆ ಅವನ ಮುಖ ನೋಡಿದರು. ಆ ದವಾಖಾನೆಯ ಮಾತು ಅವರಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ತಂಬಿಗೆಯನ್ನು ಅವನ ಕೈಗೆ ಕೊಟ್ಟು ಬೊಗಸೆ ಒಡ್ಡಿದರು.

"ಹಂಗಾರ ನನಗ ಹಾಕ್ರಿ. ಮುದ್ದೇಬಿಹಾಳದಿಂದ ಬಂದೇನಿ, ನೀರಡಿಕಿ ಆಗೇತಿ."

ಮಾವ ನಿಧಾನವಾಗಿ ಸುರಿದ. ಅರ್ಧ ನೀರು ಸೀರೆಯ ಮೇಲೇ ಬಿತ್ತು. ಅತ್ತೆ ತಂಬಿಗೆ ಖಾಲಿಯಾಗುವವರೆಗೂ ಕುಡಿದರು.